ಸೌಂಡ್ ಕಾರ್ಡಿಗೆ ವಿಭೂತಿ

ಇವತ್ತು ಅಕ್ಕನ ಮಗಳ ಕಂಪ್ಯೂಟರ್ ಹೊಸ ಕಾರ್ಡನ್ನು ಗುರುತಿಸಲಿಲ್ಲ. ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಅದೇ ವಾಸನೆ!

ನಾನಾಗ ಆರನೇ ಕ್ಲಾಸು. ಜಾವಗಲ್‌ನ ದೊಡ್ಡಪ್ಪನ ಕೊಬ್ಬರಿ ಅಂಗಡಿಯ ಮೂಲೆಯಲ್ಲಿ ಅಕ್ಕ ಕಂಪ್ಯೂಟರ್ ಕ್ಲಾಸ್ ಶುರು ಮಾಡುವವಳಿದ್ದಳು. ಉದ್ಘಾಟನೆಗೆ ಮಠದ ಸ್ವಾಮಿಗಳು ಬಂದು ಗುಂಡಿ ಒತ್ತಿದರೆ ವಚನ ಕೇಳಿಸಬೇಕು. ಅಕ್ಕ ಡ್ರೈವರ್ ಸಿ.ಡಿ.ಯನ್ನು ಹಾಕಿ ತೆಗೆದು ಸುಸ್ತಾದಳು. ಸೌಂಡ್ ಕಾರ್ಡೇ ಇಲ್ಲ ಎಂದು ಪರದೆ ಹಟ ಹಿಡಿದಿತ್ತು.

“ಇದು ಹಾಡ್ದಿದ್ರೆ ಇಲ್ಲಿ ಕೊಬ್ಬರಿ ಚೀಲನೇ ಕಣವ್ವಾ. ನಿಂಗೆ ಗಂಡು ನೋಡ್ತೀನಿ,” ಎಂದರು ದೊಡ್ಡಪ್ಪ. ಅಕ್ಕ ಮತ್ತೆ ಸಿ.ಡಿ. ಹಾಕಿದಳು. ಹೊರಗೆ ಸ್ವಾಮಿಗಳ ಕಾರು ನಿಂತ ಸದ್ದಾಯಿತು.

ನಾನೇ ಕಾರ್ಡ್ ಕಿತ್ತೆ. ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮೂರು ಬಿಳಿ ಪಟ್ಟೆ, ಮೂಗಿಗೆ ವಿಭೂತಿಯ ವಾಸನೆ!

“ದೊಡ್ಡಪ್ಪಾ, ಇಬೂತಿ ಬಳಿದ್ರಾ?”

“ಹೊಸ ಸಾಮಾನು ಕಣ್ಲಾ! ಬಳೀದೆ ಒಳಗಾಕ್ತಾರಾ?”

ಟಾರ್ಚಿನ ಕಿಲುಬು ಉಜ್ಜಿ ಪಳಗಿದ ಕೈ ನನ್ನದು. ಸ್ಕೂಲ್ ಬ್ಯಾಗಿನ ರಬ್ಬರಿನಿಂದ ಉಜ್ಜಿ ಕೂರಿಸಿದೆ. ಕಾರ್ಡ್ ಕಾಣಿಸಿತು, ಡ್ರೈವರ್ ಕೂತಿತು. ಸ್ವಾಮಿಗಳು ಗುಂಡಿ ಒತ್ತಿದಾಗ ವಚನ ಮೊಳಗಿತು. ಇಡೀ ಜಾವಗಲ್‌ಗೆ ಅಂಥ ಡಾಕ್ಟರ್ ನಾನೊಬ್ಬನೇ, ಸುಳ್ಳಲ್ಲ!

“ಇದಕ್ಕೆ ಇಬೂತಿ ಬಳಿದಿದ್ದು ಯಾರು?” ಎಂದು ಇವತ್ತೂ ಕೇಳಿದೆ. ಇಷ್ಟು ವರ್ಷ ಊರಿಗೆಲ್ಲ ಕಂಪ್ಯೂಟರ್ ಕಲಿಸಿದ ಅಕ್ಕ, ಸೆರಗಿನ ಮರೆಯಲ್ಲಿ ಮೂರು ಬೆರಳು ಒರೆಸಿಕೊಂಡಳು.