ಕತ್ತರಿ ಹಿಡಿಯಲ್ಲಿ ನೆಲ ತಟ್ಟಿದ ಟೈಲರಕ್ಕ

ಟೈಲರಕ್ಕ ನನ್ನ ಅಂಗಡಿಗೆ ಬಂದ ದಿನ ಟೈಲ್ಸಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಹೊಲಿಗೆ ಬಿಟ್ಟು ನಡುವೆಯೇ ಎದ್ದು ಬಂದಿದ್ದರು. ‘ನೆಲ ಹಾಕೋರು ಬೇಕು. ಟೈಲ್ಸು ಆಮೇಲೆ ನೋಡೋಣ’ ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಈ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕುಲಾವಿಯ ಬಟ್ಟೆ ನೋಡುವ ಮುಂಚೆ ಹೊಲಿಯುವವನನ್ನು ಹುಡುಕಿಕೊಂಡು ಬಂದವರು ಇವರೊಬ್ಬರೇ.

ಅವರ ಮನೆ ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆ. ಒಂದೇ ಸಲ ಕಟ್ಟಿದ್ದಲ್ಲ, ಕೈಯಲ್ಲಿ ಕಾಸಾದಾಗಲೆಲ್ಲ ಒಂದೊಂದು ಕೋಣೆ ಸೇರಿಸುತ್ತ ಬಂದದ್ದು. ಪ್ರತಿ ಸಲವೂ ಬಂದ ಮೇಸ್ತ್ರಿ ತನಗೆ ತೋಚಿದ ಎತ್ತರಕ್ಕೆ ನೆಲ ಹಾಕಿ ಹೋಗಿದ್ದ. ಮಲಗುವ ಕೋಣೆಯಿಂದ ನಡುಮನೆಗೆ ನಾಲ್ಕು ಇಂಚು ಹತ್ತಬೇಕು, ನಡುಮನೆಯಿಂದ ಮುಂದಿನ ಕೋಣೆಗೆ ಎರಡು ಇಂಚು ಇಳಿಯಬೇಕು. ಕಾಲು ಗಟ್ಟಿಯಿದ್ದಷ್ಟು ದಿನ ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕನ ಗಂಡ, ನಾವೆಲ್ಲ ಡ್ರೈವರ್ ಭಾವ ಎಂದು ಕರೆಯುವವರು, ನೀರಿನ ಟ್ಯಾಂಕು ತೊಳೆಯಲು ಹೋಗಿ ಏಣಿಯಿಂದ ಬಿದ್ದರು. ಬೆನ್ನಿಗೆ ಪೆಟ್ಟಾಗಿ ಕಾಲು ಸ್ವಾಧೀನ ತಪ್ಪಿತು, ಗಾಲಿಕುರ್ಚಿ ಬಂತು. ಎಮ್ಮೆ ತಿರುಗದ ಓಣಿಯಲ್ಲಿ ಬಸ್ಸು ತಿರುಗಿಸುತ್ತಿದ್ದ ಮನುಷ್ಯ ನಾಲ್ಕು ಇಂಚಿನ ಮೆಟ್ಟಿಲ ಮುಂದೆ ಸೋತು ಕೂತರು. ಯಾರಾದರೂ ಬಂದರೆ ಒಳಗಿನಿಂದಲೇ, ‘ಬಾಗಿಲು ತೆಗೆದೇ ಇದೆ, ತಳ್ಳಿ’ ಎಂದು ಕೂಗುವುದು ಅಭ್ಯಾಸವಾಯಿತು. ಎರಡು ವರ್ಷದಿಂದ ಆ ಬಾಗಿಲಿಗೆ ಹಗಲು ಹೊತ್ತು ಚಿಲಕವೇ ಬಿದ್ದಿರಲಿಲ್ಲ. ಭಾವನಿಗೆ ಬೀದಿ ನೋಡಬೇಕೆನಿಸಿದರೆ ಅಕ್ಕ ಹಿಂದಿನ ಕೋಣೆಯಲ್ಲಿ ಹೊಲಿಗೆ ನಿಲ್ಲಿಸಿ, ಓಡಿ ಬಂದು, ಕುರ್ಚಿ ಎತ್ತಿ ದಾಟಿಸಬೇಕು. ಆಮೇಲಾಮೇಲೆ ಭಾವ ಬೀದಿ ನೋಡಬೇಕು ಎನ್ನುವುದನ್ನೇ ಬಿಟ್ಟರು.

‘ಹಾಸಿಗೆಯಿಂದ ಬೀದಿ ಬಾಗಿಲ ತನಕ ಒಂದೇ ಮಟ್ಟ ಇರ್ಬೇಕು’ ಎಂದರು ಅಕ್ಕ. ‘ಅವರ ಮನೆ ಬಾಗಿಲು ಅವರೇ ತೆಗೀಬೇಕು. ಅಷ್ಟೇ.’

ನಾನು ನಗುಮುಖ ಮೇಸ್ತ್ರಿಯ ಹೆಸರು ಹೇಳಿದೆ. ಅದು ಅವನಿಗೆ ನಾನಿಟ್ಟ ಅಡ್ಡಹೆಸರು. ಸಿಮೆಂಟು ಕಲಸುವಾಗಲೂ ನಗುತ್ತಾನೆ. ಅವನು ನನಗೆ ಗಿರಾಕಿ ತರುತ್ತಾನೆ, ನಾನು ಅವನಿಗೆ ಗಿರಾಕಿ ಕಳಿಸುತ್ತೇನೆ. ಬೀಗರ ಹಾಗೆ ಕೊಟ್ಟು ತರುವ ಸಂಬಂಧ. ಅವನು ಹೋಗಿ ನೋಡಿ, ಒಡೆಯುವ ರಗಳೆಯೇ ಬೇಡ, ಹಳೆ ನೆಲದ ಮೇಲೇ ಹೊಸದು ಹಾಕಿ ಮೆಟ್ಟಿಲಿರುವಲ್ಲಿ ಸಿಮೆಂಟಿನ ಇಳಿಜಾರು ಕೊಟ್ಟರೆ ಐದು ದಿನದ ಕೆಲಸ ಎಂದನಂತೆ. ಫೋನಿನಲ್ಲಿ ನಲವತ್ತು ಫೋಟೋ ತೋರಿಸಿದನಂತೆ. ಅಕ್ಕ ಎಲ್ಲವನ್ನೂ ನೋಡಿ, ‘ಚೆನ್ನಾಗಿವೆ. ನೀವು ಕೆಡಿಸಿದ ಕೆಲಸ ಒಂದು ತೋರಿಸಿ’ ಎಂದರಂತೆ.

ನಾನು ಕೆಡಿಸಿದ್ದೇ ಇಲ್ಲ ಅಕ್ಕ ಎಂದು ಅವನು ನಕ್ಕ. ಅಲ್ಲಿಗೆ ಅವನ ಕಥೆ ಮುಗಿಯಿತು.

‘ಬಟ್ಟೆ ಕೆಡಿಸದ ಟೈಲರ್ ಎಲ್ಲಿದ್ದಾನಪ್ಪ?’ ಎಂದು ಅಕ್ಕ ನನಗೆ ಬಿಡಿಸಿ ಹೇಳಿದರು. ‘ನಾನೇ ಒಬ್ಬರ ಕೋಟಿಗೆ ಎರಡೂ ಎಡಗೈ ತೋಳು ಕೂರಿಸಿದ್ದೆ. ಕೆಡಿಸಿಲ್ಲ ಅನ್ನೋನು ಒಂದೋ ಹೊಲಿದೇ ಇಲ್ಲ, ಇಲ್ಲಾ ಕೊಟ್ಟ ಮೇಲೆ ತಿರುಗಿ ನೋಡಿಲ್ಲ.’

ಆದರೂ ಅನುಮಾನಕ್ಕೆ ಎಡೆಯಿರಬಾರದೆಂದು, ನಗುಮುಖ ಐದು ವರ್ಷದ ಹಿಂದೆ ನೆಲ ಹಾಕಿದ ಮನೆಗಳನ್ನು ಅಕ್ಕ ಹುಡುಕಿಕೊಂಡು ಹೋದರು. ಹೊಸ ನೆಲ ಹೊಸ ಅಳಿಯನ ಹಾಗೆ, ಮೊದಮೊದಲು ಎಲ್ಲವೂ ಚಂದ. ಅಕ್ಕನ ಚೀಲದಲ್ಲಿ ಎರಡೇ ಸಾಮಾನು: ಬಟ್ಟೆಯಲ್ಲಿ ಸುತ್ತಿದ ದೊಡ್ಡ ಕತ್ತರಿ, ಒಂದು ದಾರದ ರೀಲು. ಮನೆಯವರ ಅಪ್ಪಣೆ ಕೇಳಿ, ನೆಲಕ್ಕೆ ಕೂತು, ಕತ್ತರಿಯ ಹಿಡಿಯಿಂದ ಒಂದೊಂದೇ ಟೈಲ್ಸು ತಟ್ಟುವರು. ಕೆಳಗೆ ಸಿಮೆಂಟು ತುಂಬಿ ಕೂತಿದ್ದರೆ ಸದ್ದು ಗಟ್ಟಿ. ಇಲ್ಲದಿದ್ದರೆ ಖಾಲಿ ಮಡಕೆಯ ಸದ್ದು. ಅಂಥ ಪೊಳ್ಳು ಜಾಗದ ಮೇಲೆ ದಿನವೂ ಗಾಲಿ ಓಡಿದರೆ ಟೈಲ್ಸು ಬಿರುಕು ಬಿಡುವುದು ಖಚಿತ. ಆಮೇಲೆ ರೀಲನ್ನು ನೆಲದ ಮೇಲೆ ಮಲಗಿಸಿ ಕೈ ಬಿಡುವರು. ನೆಲ ಸಮವಿದ್ದರೆ ಅದು ಇಟ್ಟಲ್ಲೇ ಇರಬೇಕು. ನಗುಮುಖನ ಮೊದಲ ಮನೆಯಲ್ಲಿ ಒಂಬತ್ತು ಮಡಕೆ ಸಿಕ್ಕವು. ಎರಡನೆಯದರಲ್ಲಿ ರೀಲು ತಾನಾಗಿ ಉರುಳಿ ಸೋಫಾದ ಕೆಳಗೆ ಸೇರಿತು. ಆ ಮನೆಯ ಅಜ್ಜಿ ಪೊರಕೆಯಿಂದ ಎಳೆದುಕೊಟ್ಟರು. ಆಮೇಲೆ ಇನ್ನೂ ಇಬ್ಬರು ಮೇಸ್ತ್ರಿಗಳು ಬಂದು, ಕೆಡಿಸಿದ್ದೇ ಇಲ್ಲ ಎಂದು ಹೇಳಿ ಹೋದರು. ಒಂದು ತಿಂಗಳಲ್ಲಿ ಕತ್ತರಿ ಹಿಡಿದ ಹೆಂಗಸಿನ ಸುದ್ದಿ ನಾಲ್ಕು ಬೀದಿ ದಾಟಿತು.

ಗೊಣಗ ಎಂದು ನಾನು ಕರೆಯುವ ಇನ್ನೊಬ್ಬ ಮೇಸ್ತ್ರಿಯನ್ನು ಅಕ್ಕನಿಂದ ಮುಚ್ಚಿಟ್ಟಿದ್ದೆ. ಕಾರಣ ಗುಟ್ಟೇನಲ್ಲ. ಅವನು ನನ್ನ ಅಂಗಡಿಯ ಪ್ರತಿ ಪೆಟ್ಟಿಗೆ ಬಿಚ್ಚುತ್ತಾನೆ, ಎರಡೆರಡು ಟೈಲ್ಸನ್ನು ಮುಖಕ್ಕೆ ಮುಖ ಹಚ್ಚಿ ಬೆಳಕಿಗೆ ಹಿಡಿಯುತ್ತಾನೆ, ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಬಾಗಿದೆ ಎಂದು ವಾಪಸು ತರುತ್ತಾನೆ. ಇಂಥವರು ಹತ್ತು ಜನ ಇದ್ದರೆ ನಾನು ಅಂಗಡಿ ಮುಚ್ಚಿ ಹೊಲಿಗೆ ಕಲಿಯಬೇಕಾಗುತ್ತಿತ್ತು. ಗ್ರಹಚಾರಕ್ಕೆ ಅವನು ಆರು ಟೈಲ್ಸು ವಾಪಸು ತಂದ ಹೊತ್ತಿಗೇ ಅಕ್ಕ ಅಂಗಡಿಯಲ್ಲಿದ್ದರು. ಅವನು ಬೆಳಕಿಗೆ ಹಿಡಿದು ತೋರಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದರು.

‘ಅವನ ಸಹವಾಸ ಬೇಡ ಅಕ್ಕ, ತುಂಬ ತೊಂದ್ರೆ ಕೊಡ್ತಾನೆ’ ಎಂದು ಪಿಸುಗುಟ್ಟಿದೆ.

‘ಯಾರಿಗೆ? ನಿನಗಾ, ನೆಲಕ್ಕಾ?’

ನಾನು ಬಿಲ್ ಪುಸ್ತಕ ತಿರುವಿದೆ. ಕೆಡಿಸಿದ ಕೆಲಸ ಒಂದು ತೋರಿಸು ಎಂದು ಅಕ್ಕ ಅವನನ್ನೂ ಕೇಳಿದರು. ಗೊಣಗ ತಲೆ ಕೆರೆದುಕೊಂಡು ಯೋಚಿಸಿದ. ‘ಒಂದು ತೋರಿಸಿದ್ರೆ ಸಾಕಾ, ಎಲ್ಲಾನೂ ನೋಡ್ಬೇಕಾ?’

ತೋರಿಸಿದ್ದು ನಿವೃತ್ತ ಗುಮಾಸ್ತರೊಬ್ಬರ ಮನೆಯನ್ನು. ನೋಡುವ ಚಪಲಕ್ಕೆ ನಾನೂ ಹೋಗಿದ್ದೆ. ಅಲ್ಲಿ ಅವನು ಬಚ್ಚಲಿನ ಇಳಿಜಾರು ತಿರುವುಮುರುವು ಮಾಡಿ, ನೀರೆಲ್ಲ ಮಲಗುವ ಕೋಣೆಗೆ ಹರಿದಿತ್ತಂತೆ. ಗುಮಾಸ್ತರು ಕನ್ನಡಕ ಒರೆಸುತ್ತ ಸಾಕ್ಷಿ ಹೇಳಿದರು: ‘ಕೆಡಿಸಿದ್ದು ನಿಜ. ಮಾರನೇ ದಿನ ಕರೆಯದೇ ಬಂದು ಪೂರ್ತಿ ಕಿತ್ತು ಹಾಕಿದ್ದೂ ನಿಜ. ಈಗಲೂ ಈ ಕಡೆ ಬಂದ್ರೆ ಒಂದು ಚೊಂಬು ನೀರು ಸುರಿದು ನೋಡಿಯೇ ಹೋಗ್ತಾನೆ.’ ಅಕ್ಕ ಮನೆಯಿಡೀ ತಟ್ಟಿದರು. ಒಂದೂ ಮಡಕೆ ಸಿಗಲಿಲ್ಲ.

ಗೊಣಗ ಅಕ್ಕನ ಮನೆಗೆ ಬಂದು, ಹಿಂದಿನ ಮೇಸ್ತ್ರಿಗಳ ವಂಶವನ್ನೆಲ್ಲ ಬೈದು, ಒಡೆಯದೆ ಆಗುವುದಿಲ್ಲ, ಹದಿನೈದು ದಿನ ಬೇಕು ಎಂದ. ಅಡ್ಡ ಬಂದವರು ಭಾವ. ಇಷ್ಟು ಧೂಳು, ಇಷ್ಟು ಗಲಾಟೆ ತನ್ನೊಬ್ಬನಿಗಾಗಿ ಬೇಡ, ತನಗೆ ರೂಢಿಯಾಗಿದೆ ಎಂದು ಹಾಸಿಗೆಯಿಂದಲೇ ಹೇಳಿದರು. ಅಕ್ಕನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಭಾವ ಬೇಡವೆಂದರೆ ಬೇಡವೇ.

ಗೊಣಗ ವಾದ ಮಾಡಲಿಲ್ಲ. ‘ಸ್ವಲ್ಪ ಕೊಡಿ ಭಾವ’ ಎಂದು ಗಾಲಿಕುರ್ಚಿಯಲ್ಲಿ ತಾನೇ ಕೂತು ಬಾಗಿಲ ಕಡೆ ಹೊರಟ. ನಾಲ್ಕು ಇಂಚಿಗೆ ಚಕ್ರ ಬಡಿದು ನಿಂತಿತು. ಹಿಂದೆ ಬಂದು ಮತ್ತೆ ನುಗ್ಗಿದ, ಮತ್ತೆ ಬಡಿಯಿತು. ಮೂರನೇ ಸಲಕ್ಕೆ ಹಣೆಯ ಬೆವರು ಒರೆಸಿಕೊಂಡು ಎದ್ದ.

‘ಇದು ರೂಢಿ ಆಗೋ ವಿಷಯ ಅಲ್ಲ. ನಾನು ಒಡೀತೀನಿ.’

ಭಾವ ಗೋಡೆ ಕಡೆ ಮುಖ ತಿರುಗಿಸಿ, ‘ಸರಿ, ಒಡಿ’ ಎಂದರು.

ಆ ಹದಿನೈದು ದಿನ ಭಾವನ ವಾಸ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ. ನನ್ನ ಅಂಗಡಿಯ ನೆಲ ಸಮ. ಟೈಲ್ಸು ಮಾರುವವನ ನೆಲವೇ ಡೊಂಕಿದ್ದರೆ ಹೇಗೆ? ಎರಡನೇ ದಿನಕ್ಕೆ ಭಾವ ಟೈಲ್ಸಿನ ಸಾಲುಗಳ ನಡುವೆ ಬಾಯಲ್ಲೇ ಹಾರನ್ ಹೊಡೆಯುತ್ತ ಓಡಾಡತೊಡಗಿದರು. ನಾಲ್ಕನೇ ದಿನಕ್ಕೆ ಗಿರಾಕಿಗಳಿಗೆ, ಬಣ್ಣ ಬಿಡಿ, ಮೊದಲು ಮೇಸ್ತ್ರಿ ಯಾರು ಅಂತ ಹೇಳಿ ಎಂದು ಉಪದೇಶ ಶುರು ಮಾಡಿದರು. ಅತ್ತ ಗೊಣಗ ನಡುಮನೆ ಒಡೆದು ತಗ್ಗಿಸಿದ, ಮಲಗುವ ಕೋಣೆ ತುಂಬಿಸಿದ, ಹೆಜ್ಜೆ ಹೆಜ್ಜೆಗೆ ರಸಮಟ್ಟ ಇಟ್ಟು ನೆಲ ಸಮವಿದೆಯೇ ಎಂದು ನೋಡಿದ. ನನಗೆ ಹನ್ನೊಂದು ಟೈಲ್ಸು ವಾಪಸು ಕಳಿಸಿದ.

ಕೊನೆಯ ದಿನ ಅಕ್ಕ ಮಂಡಿಯೂರಿ ಹಾಸಿಗೆಯ ಜಾಗದಿಂದ ಬೀದಿ ಬಾಗಿಲವರೆಗೆ ತಟ್ಟುತ್ತ ಬಂದರು. ಒಂದು ಗಂಟೆ ಹಿಡಿಯಿತು. ರೀಲು ಇಟ್ಟಲ್ಲೇ ಮಲಗಿತ್ತು. ಏನೂ ಸಿಗಲಿಲ್ಲವೆಂದು ಎದ್ದರೆ ಬಾಗಿಲಲ್ಲಿ ನಿಂತ ಗೊಣಗ, ‘ಇಲ್ಲಿ ಎರಡನೇದನ್ನ ಬಿಟ್ರಿ’ ಎಂದ. ಅಕ್ಕ ಮತ್ತೆ ತಟ್ಟಿದರು, ಕಿವಿಯಿಟ್ಟು ಕೇಳಿದರು.

‘ನನಗೇನೂ ಕೇಳಿಸ್ತಿಲ್ಲಪ್ಪ.’

‘ನನಗೆ ಕೇಳಿಸ್ತಿದೆ. ದಿನಾ ಗಾಲಿ ತಿರುಗೋ ಜಾಗ ಅಕ್ಕ’ ಎಂದವನೇ ಉಳಿ ಇಟ್ಟು ಆ ಟೈಲ್ಸನ್ನು ಒಡೆದ. ಮೂಲೆಯಲ್ಲಿ ಹೆಬ್ಬೆರಳಷ್ಟು ಜಾಗಕ್ಕೆ ಸಿಮೆಂಟು ತಾಗಿರಲಿಲ್ಲ.

ಭಾವ ಮನೆಗೆ ಮರಳಿದ ಮರುವಾರ, ಉಳಿದ ಟೈಲ್ಸಿನ ಪೆಟ್ಟಿಗೆ ಕೊಟ್ಟು ಬರೋಣವೆಂದು ನಾನು ಹೋದೆ. ಎರಡೂ ಕೈ ತುಂಬಿತ್ತು. ಎಂದಿನಂತೆ ಭುಜದಿಂದ ಬಾಗಿಲು ತಳ್ಳಿದೆ. ಅದು ಜಗ್ಗಲಿಲ್ಲ, ಹಣೆ ಬಡಿಯಿತು. ಒಳಗಿನಿಂದ ಚಿಲಕ ಬಿದ್ದಿತ್ತು.

ಮಲಗುವ ಕೋಣೆಯಿಂದ ಗಾಲಿಯ ಸದ್ದು ಹೊರಟಿತು. ನಡುಮನೆ ದಾಟಿತು, ಮುಂದಿನ ಕೋಣೆಗೆ ಬಂತು. ಎಲ್ಲೂ ತಡೆಯಲಿಲ್ಲ, ಬಡಿಯಲಿಲ್ಲ. ಬಾಗಿಲ ಹತ್ತಿರ ಒಂದು ಹಾರನ್ ಆಯಿತು. ಚಿಲಕ ಸರಿಯಿತು.

‘ತಟ್ಟಿ ಬರೋದು ಕಲೀರಿ’ ಎಂದರು ಭಾವ. ‘ಮನೇಲಿ ಜನ ಇದ್ದೀವಿ.’

ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಲ್ಲಲೇ ಇಲ್ಲ.