ಬರ್ನೊದ ಬೀರು, ಕ್ಲಾಂಗಿನ ಗಂಡ

ಎರಡು ವಾರದ ಹಿಂದೆ, ಭಾನುವಾರ ಸಂಜೆ, ನಾನು ಸೀರೆ ಉಟ್ಟು, ಲಿಪ್‌ಸ್ಟಿಕ್ ಹಚ್ಚಿ, ಎರಡು ಬೀರ್ ಕ್ಯಾನ್ ಎದುರಿಗಿಟ್ಟುಕೊಂಡು ಲ್ಯಾಪ್‌ಟಾಪ್ ಮುಂದೆ ಕುಳಿತೆ. ಮಗಳು ನಿಧಿ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಮ್ಮಾ, ಈಸ್ ದಿಸ್ ಎ ಫ್ಯಾಕಲ್ಟಿ ಮೀಟಿಂಗ್?"

"ಅಲ್ಲ ಪುಟ್ಟಾ, ಡೇಟ್. ನಿನ್ನ ಅಪ್ಪನ ಜೊತೆ."

(ಮೆಡಿಕಲ್ ಕಾಲೇಜಿನಲ್ಲಿ ಲಿವರ್ ಬಗ್ಗೆ ಪಾಠ ಮಾಡುವವಳು ನಾನು. ನನ್ನ ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ.)

ನಾನೂ ನಿಧಿಯೂ ಇರುವುದು ಮಲೇಷ್ಯಾದ ಮೆಲಾಕಾದಲ್ಲಿ. ನನ್ನ ಗಂಡ ಮಹೇಶ್ ಕೆಲಸ ಮಾಡುವುದು ಕ್ಲಾಂಗ್ ಬಂದರಿನ ಒಂದು ಶಿಪ್ಪಿಂಗ್ ಕಂಪನಿಯಲ್ಲಿ. ಎರಡು ಗಂಟೆಯ ದಾರಿ. ಕೋವಿಡ್‌ಗೆ ಮೊದಲು ಪ್ರತಿ ಶುಕ್ರವಾರ ಮನೆಗೆ ಬರುತ್ತಿದ್ದರು. ಈಗ ರಾಜ್ಯ ದಾಟುವಂತಿಲ್ಲ. ನಮ್ಮಿಬ್ಬರ ನಡುವೆ ಇನ್ನೊಂದು ರಾಜ್ಯ, ಎರಡು ಗಡಿ, ಎರಡೂ ಕಡೆ ಪೊಲೀಸ್. ತಿಂಗಳುಗಳೇ ಆದವು, ಮುಖಾಮುಖಿ ನೋಡಿಲ್ಲ.

ಮೊದಮೊದಲು ವಿಡಿಯೋ ಕಾಲ್ ಮುಗಿಯುತ್ತಲೇ ಇರಲಿಲ್ಲ. ಆಮೇಲೆ ಮಾತು ಸಣ್ಣದಾಯಿತು. ಊಟ ಏನು, ಮಳೆ ಬಂತಾ, ಸರಿ ಇಡ್ತೀನಿ. ಹುಬ್ಬಳ್ಳಿಯ ಈ ಮನುಷ್ಯನ ಬಾಯಿ ಮುಚ್ಚಿಸುವುದು ಹೇಗೆ ಎಂದು ಮದುವೆಯಾದ ಹೊಸತರಲ್ಲಿ ತಲೆ ಕೆಡಿಸಿಕೊಂಡವಳು ನಾನು! ಈಗ ಆ ಬಾಯಿಯಿಂದ ಎರಡು ಮಾತು ಹೊರಡಿಸುವುದೇ ಕಷ್ಟ.

ಹೀಗಿರುವಾಗ ಬಂತು ಹಾನಾಳ ಮೇಲ್. ಕಳೆದ ವರ್ಷ ನಾವು ಜೆಕ್ ದೇಶದ ಬರ್ನೊ ಎಂಬ ಊರಿಗೆ ಹೋಗುವವರಿದ್ದೆವು. (ಪ್ರಾಗ್‌ಗೆ ಎಲ್ಲರೂ ಹೋಗ್ತಾರ, ನಾವ್ಯಾಕ ಹೋಗೂದು ಎನ್ನುವುದು ಮಹೇಶ್ ವಾದ.) ಅಲ್ಲಿ ಪಬ್‌ನಿಂದ ಪಬ್‌ಗೆ ನಡೆಸಿ, ಊರಿನ ಬೀರ್‌ಗಳ ರುಚಿ ತೋರಿಸುವ ಗೈಡ್ ಈ ಹಾನಾ. ಪ್ರಯಾಣ ರದ್ದಾಯಿತು, ಅವಳ ಕೆಲಸವೂ ನಿಂತಿತು. "ನೀವು ಬರಲಾಗದಿದ್ದರೆ ನಾನೇ ನಿಮ್ಮ ಮನೆಗೆ ಬರುತ್ತೇನೆ, ಜೂಮ್‌ನಲ್ಲಿ. ನಿಮ್ಮೂರಲ್ಲಿ ಸಿಗುವ ಮೂರು ಬಗೆ ಬೀರ್ ಇಟ್ಟುಕೊಂಡಿರಿ" ಎಂದು ಬರೆದಿದ್ದಳು. ನನಗೆ ಎರಡೇ ಬಗೆ ಸಿಕ್ಕಿದ್ದು. ಮೂರನೆಯದಕ್ಕೆ ಬಾರ್ಲಿ ನೀರು ಇಟ್ಟುಕೊಂಡೆ. ನನ್ನ ತವರು ಉಡುಪಿಯಲ್ಲಿ ನಾವದನ್ನು ಉರಿಮೂತ್ರಕ್ಕೆ ಕುಡಿಯುತ್ತಿದ್ದೆವು ಎಂಬುದನ್ನು ಹಾನಾಗೆ ಹೇಳಲಿಲ್ಲ.

ಇಲ್ಲಿ ಸಂಜೆ, ಅಲ್ಲಿ ಇನ್ನೂ ಬೆಳಿಗ್ಗೆ. ಪರದೆಯ ಮೇಲೆ ಬೇರೆ ಬೇರೆ ದೇಶಗಳ ಹತ್ತಾರು ಮುಖ. ಒಂದು ಚೌಕದಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ ನನ್ನ ಗಂಡ. ನಡುವೆ ಕೆಂಪು ಉಲ್ಲನ್ ಟೋಪಿಯ ಹಾನಾ, ಹಿಮದ ಬೀದಿಯಲ್ಲಿ. ಅವಳ ಹೆಗಲ ಚೀಲದಲ್ಲಿ ಖಾಲಿ ಬಾಟಲಿಗಳು.

"ಪಬ್ ಒಳಗೆ ಕೂರುವಂತಿಲ್ಲ. ಬೀದಿಯಲ್ಲಿ ಕುಡಿಯುವಂತಿಲ್ಲ. ಕಿಟಕಿಯಲ್ಲಿ ಕೊಳ್ಳಬಹುದು ಅಷ್ಟೇ. ನಾನು ತುಂಬಿಸಿಕೊಂಡು ಮನೆಗೆ ಒಯ್ಯುತ್ತೇನೆ. ನೀವು ಈಗಲೇ ಕುಡಿಯಿರಿ, ನಾನು ಹೊಟ್ಟೆಕಿಚ್ಚು ಪಡುತ್ತೇನೆ" ಎಂದಳು.

"ಅಂದರೆ ಇದು ತಪಾವ್!" ಎಂದರು ಮಹೇಶ್. ಪಾರ್ಸೆಲ್ ಊಟಕ್ಕೆ ಮಲೇಷ್ಯಾದಲ್ಲಿ ಹಾಗೆನ್ನುತ್ತೇವೆ. ಹಾನಾ ಆ ಪದವನ್ನು ನಾಲ್ಕು ಸಲ ಹೇಳಿ ಕಲಿತಳು.

ಮೊದಲ ಕಿಟಕಿಯಲ್ಲಿ ಹೊಂಬಣ್ಣದ ಬೀರ್, ಮೇಲೆ ನಾಲ್ಕು ಬೆರಳು ನೊರೆ. ನೊರೆ ಇಲ್ಲದ ಬೀರ್ ಅಲ್ಲಿ ಅವಮಾನವಂತೆ. ಎರಡನೆಯ ಕಡೆ ಕಪ್ಪು ಬೀರ್, ಸುಟ್ಟ ಬ್ರೆಡ್ಡಿನ ಅಂಚಿನ ರುಚಿ ಎಂದಳು. ನನ್ನ ಕ್ಯಾನ್‌ನಲ್ಲಿ ಅಂಥದ್ದೇನೂ ಇರಲಿಲ್ಲ. ಆದರೂ ಹೌದು ಹೌದು ಎಂದು ತಲೆಯಾಡಿಸಿದೆ.

ಮೂರನೆಯ ಪಬ್‌ನ ಕಿಟಕಿ ಮುಚ್ಚಿತ್ತು.

ಹಾನಾ ಬಾಗಿಲು ಬಡಿದಳು. ಮಹಡಿಯಿಂದ ಬಿಳಿ ಮೀಸೆಯ ಮುದುಕರೊಬ್ಬರು ಇಣುಕಿದರು. ಮಾಲೀಕ ಪಾವೆಲ್. ಇಬ್ಬರೂ ಅವರ ಭಾಷೆಯಲ್ಲಿ ಏನೋ ಮಾತಾಡಿದರು. ಹಾನಾಳ ಮುಖ ಇಳಿಯಿತು.

"ವಾರದಿಂದ ಗಿರಾಕಿಗಳೇ ಇಲ್ಲವಂತೆ. ಇವತ್ತಿನಿಂದ ಮುಚ್ಚುತ್ತಾರಂತೆ. ನೆಲಮಾಳಿಗೆಯಲ್ಲಿ ಪೀಪಾಯಿಗಟ್ಟಲೆ ಬೀರ್ ಇದೆ. ಇದು ಹಾಲಿನ ಹಾಗೆ, ಇಟ್ಟರೆ ಕೆಡುತ್ತದೆ. ನಾಳೆ ಚರಂಡಿಗೆ ಸುರಿಯುತ್ತಾರಂತೆ."

ಜೂಮ್‌ನಲ್ಲಿ ಯಾರೋ ಅಳುವ ಇಮೋಜಿ ಹಾಕಿದರು.

ಆಗ ಮಹೇಶ್ ಇಂಗ್ಲಿಷನ್ನೇ ಮರೆತರು. "ಏ ಸುಮಾ, ಅಷ್ಟು ಮಾಲು ಸುಮ್ನ ಚೆಲ್ಲೂದಂದ್ರ ಏನಿದು! ಎಷ್ಟ್ ಲೀಟರ್ ಅದ ಕೇಳು ಆಕೀನ!"

"ನೀವೇ ಕೇಳಿ ಮಾರಾಯ್ರೆ, ನಿಮ್ಮ ಮೈಕ್ ಆನ್ ಇದೆ!"

ಕೇಳಿದರು. ಎಷ್ಟು ಲೀಟರ್, ಎಷ್ಟು ದಿನ ತಡೆಯುತ್ತದೆ, ಈ ಬೀದಿಯಲ್ಲಿ ಎಷ್ಟು ಮನೆ, ಮನೆಯವರಿಗೆಲ್ಲ ಒಂದೇ ಸಲ ಸುದ್ದಿ ಮುಟ್ಟಿಸುವುದು ಹೇಗೆ?

"ಬಡಾವಣೆಯ ಒಂದು ಫೇಸ್‌ಬುಕ್ ಗುಂಪಿದೆ. ಕಳೆದುಹೋದ ಬೆಕ್ಕುಗಳ ಫೋಟೋ ಹಾಕುತ್ತಾರೆ" ಎಂದಳು ಹಾನಾ.

"ಬೆಕ್ಕಿನ ಪಕ್ಕ ಬೀರೂ ಹಾಕಿ. ಪಾತ್ರೆ ನೀವೇ ತನ್ನಿ ಅಂತ ಬರೆಯಿರಿ. ಎಲ್ಲರೂ ಒಟ್ಟಿಗೆ ಬಂದರೆ ಪೊಲೀಸರು ಬರುತ್ತಾರೆ. ಮನೆ ನಂಬರ್ ಪ್ರಕಾರ ಸಮಯ ಕೊಡಿ, ಹಡಗಿಗೆ ಬಂದರಿನಲ್ಲಿ ಜಾಗ ಕೊಡುವ ಹಾಗೆ" ಎಂದರು ಮಹೇಶ್.

ಪಾವೆಲ್ ಮೇಲಿಂದ ಕೈಯಾಡಿಸಿದರು. ಯಾರೂ ಬರುವುದಿಲ್ಲ ಎಂದರು. ಹಾನಾ ಹಟ ಬಿಡದೆ ಆ ಗುಂಪಿನಲ್ಲಿ ಸುದ್ದಿ ಹಾಕಿದಳು. ಪಾವೆಲ್ ಬೈದುಕೊಂಡೇ ಇಳಿದು ಬಂದು ಕಿಟಕಿ ತೆರೆದರು.

ನಾವೆಲ್ಲ ಕಾದೆವು. ಖಾಲಿ ಬೀದಿ. ಹಿಮ. ನನ್ನ ಬೀರ್ ಬಿಸಿಯಾಯಿತು.

ಮೊದಲು ಬಂದಿದ್ದು ಮನೆಯ ಚಪ್ಪಲಿಯಲ್ಲೇ ಓಡಿಬಂದ ಹೆಂಗಸು, ಕೈಯಲ್ಲಿ ದೊಡ್ಡ ಟೀ ಕೆಟಲ್. ಹಿಂದೆಯೇ ಉಪ್ಪಿನಕಾಯಿ ಜಾಡಿ ಹಿಡಿದ ದಂಪತಿ. ಆಮೇಲೆ ಒಬ್ಬ ಮಹಾಶಯ ಗಿಡಕ್ಕೆ ನೀರು ಹಾಕುವ ಡಬ್ಬಿಯನ್ನೇ ತಂದ! ಪಾವೆಲ್ ಅವನಿಗೆ ಏನೋ ಅಂದರು, ಬೀದಿಯೇ ನಕ್ಕಿತು. ಅರ್ಥವಾಗದೆ ನಾವೂ ನಕ್ಕೆವು. ಟೂರ್‌ನ ಸಮಯ ಯಾವಾಗಲೋ ಮುಗಿದಿತ್ತು. ಒಂದು ಚೌಕವೂ ಖಾಲಿಯಾಗಲಿಲ್ಲ. ನಿಧಿ ಬಂದು ನನ್ನ ಕುರ್ಚಿಯ ಕೈ ಮೇಲೆ ಕುಳಿತಳು. "ಗೋ ಅಪ್ಪಾ!" ಎಂದು ಕಿರುಚಿದಳು.

ಎಲ್ಲವೂ ಮುಗಿಯಲಿಲ್ಲ. ಸ್ವಲ್ಪ ಉಳಿಯಿತು. ಕೊನೆಗೆ ಪಾವೆಲ್ ಫೋನ್ ಹತ್ತಿರ ಬಂದು ಮೀಸೆ ಮಾತ್ರ ಕಾಣುವಂತೆ ನಿಂತು ಏನೋ ಕೇಳಿದರು.

ಹಾನಾ ಅನುವಾದಿಸಿದಳು: "ಮುಂದಿನ ಭಾನುವಾರಕ್ಕೆ ಪೀಪಾಯಿ ತರಿಸಲೇ ಅಂತ ಆ ಹಡಗಿನವರನ್ನು ಕೇಳು ಅನ್ನುತ್ತಿದ್ದಾರೆ."

"ಸಣ್ಣದೊಂದು ತರಿಸಲಿ" ಎಂದರು ನನ್ನ ಗಂಡ, ಭಾರೀ ಗಂಭೀರವಾಗಿ.

ಜೂಮ್ ಮುಗಿದ ಕೂಡಲೇ ಫೋನ್ ಬಂತು. ಮಹೇಶ್ ಮಾತಾಡಿದರು, ಮಾತಾಡಿದರು, ಹಳೆಯ ಮಹೇಶ್. ಆಮೇಲೆ ದನಿ ತಗ್ಗಿತು.

"ನನಗ ಸರಿಯಾಗಿ ನಿದ್ದಿ ಬರವಲ್ದು ಸುಮಾ, ಭಾಳ ದಿನ ಆತು. ಹುಷಾರಾಗಿರ್ರಿ ಅಂತ ಎಲ್ಲಾರೂ ಹೇಳ್ತಾರ. ನನ್ನ ಏನೂ ಕೇಳೂದಿಲ್ಲ. ಇವತ್ತ ಯಾಕೋ, ನಾನೂ ಉಪಯೋಗಕ್ಕ ಬಂದೆ ಅನ್ನಿಸ್ತು."

ಎಲ್ಲಾರೂ ಎಂದರೆ ಯಾರು? ಮೊದಲನೆಯವಳು ನಾನೇ. ದೂರದಲ್ಲಿ ಒಬ್ಬರೇ ಇದ್ದಾರೆ, ತೊಂದರೆ ಕೊಡುವುದು ಬೇಡ ಎಂದು ಮನೆಯ ಒಂದು ವಿಷಯವನ್ನೂ ಹೇಳುತ್ತಿರಲಿಲ್ಲ. ಅದನ್ನೇ ಪ್ರೀತಿ ಎಂದುಕೊಂಡಿದ್ದೆ.

"ಹಾಗಾದ್ರೆ ಕೇಳಿ ಮಾರಾಯ್ರೆ" ಎಂದೆ. "ನಿಮ್ಮ ಮಗಳು ಮ್ಯಾಥ್ಸ್ ಕ್ಲಾಸಲ್ಲಿ ಕ್ಯಾಮೆರಾ ಆಫ್ ಮಾಡಿ ಮಲಗ್ತಾಳೆ. ನನ್ನ ಮಾತು ಕೇಳೂದಿಲ್ಲ. ಏನು ಮಾಡುವ?"

"ಕೊಡು ಆಕೀಗ ಫೋನು" ಎಂದರು.

ಈಗ ದಿನಾ ಸಂಜೆ ಅಪ್ಪ ಮಗಳ ಗಣಿತ ನಡೆಯುತ್ತದೆ. ಅವರು ಹುಬ್ಬಳ್ಳಿ ಕನ್ನಡದಲ್ಲಿ ಗದರುತ್ತಾರೆ, ಇವಳು ಇಂಗ್ಲಿಷಿನಲ್ಲಿ ವಾದಿಸುತ್ತಾಳೆ. ಮನೆ ತುಂಬ ಗಲಾಟೆ. ಗಡಿ ಇನ್ನೂ ತೆರೆದಿಲ್ಲ. ಆದರೆ ಲಸಿಕೆ ಬರುತ್ತಿದೆ ಎನ್ನುತ್ತಾರೆ, ನಮ್ಮ ಆಸ್ಪತ್ರೆಯಲ್ಲೂ ತಯಾರಿ ಶುರುವಾಗಿದೆ. ಮೊನ್ನೆ ಮಹೇಶ್ ನಿದ್ದೆಯಲ್ಲಿದ್ದುದರಿಂದ ನನ್ನ ಕಾಲ್ ಎತ್ತಲಿಲ್ಲ. ಎಷ್ಟು ಖುಷಿಯಾಯಿತು ಗೊತ್ತಾ?

ನೀವೂ ಹೀಗೇ ಯಾರಿಗೋ ಫೋನಿನಲ್ಲಿ "ಇಲ್ಲಿ ಎಲ್ಲ ಸರಿಯಿದೆ, ಚಿಂತೆ ಮಾಡಬೇಡಿ" ಎನ್ನುತ್ತಿರಬಹುದು. ಹಾಗೆ ಹೇಳಿ ಹೇಳಿಯೇ ಅವರನ್ನು ಮನೆಯಿಂದ ಹೊರಗೆ ಹಾಕುತ್ತಿಲ್ಲ ತಾನೇ?