ತೋರಿಕೆಗೆ ಹೂಡಿದ ಒಲೆ

ಒಂದು ಬಿಪಿಎಲ್ ಕಾರ್ಡಿಗಾಗಿ ನಮ್ಮ ಮನೆಯಲ್ಲಿ ಎರಡನೇ ಒಲೆ ಹೂಡಿದರು. ಹೂಡಿದವನು ನನ್ನ ಮಗ. ಯಜಮಾನರಿಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಮೈಸೂರಿನ ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟೇ: ಇನ್ನು ವರ್ಷಗಟ್ಟಲೆ ಹೀಗೇ, ಆಗಾಗ ಆಸ್ಪತ್ರೆಗೆ ಸೇರಿಸಬೇಕಾದೀತು, ಮನೆಯಲ್ಲಿ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ.

"ಇಂಗೇ ಆದ್ರೆ ನಾಲೆಬಯಲೆಲ್ಲ ಆಸ್ಪತ್ರೆ ಪಾಲಾಯ್ತದೆ ಕಣವ್ವ," ಅಂದ ಮಗ.

ನಾಲೆಬಯಲ ಗದ್ದೆ ಯಜಮಾನರು ಕಬ್ಬು ಬೆಳೆದು ಕೊಂಡು ನನ್ನ ಹೆಸರಿಗೆ ಬರೆಸಿದ್ದು. ಅಷ್ಟು ಜಮೀನು ಇಟ್ಟುಕೊಂಡವರಿಗೆ ಬಿಪಿಎಲ್ ಕಾರ್ಡು ಸಿಗದು, ಕಾರ್ಡಿಲ್ಲದೆ ಪುಕ್ಕಟೆ ಚಿಕಿತ್ಸೆಯೂ ಸಿಗದು. ಅದಕ್ಕೆ ಮಗ ದಾರಿ ಹುಡುಕಿದ್ದ. ಗದ್ದೆಯನ್ನು ನಾನು ಅವನಿಗೆ ದಾನಪತ್ರ ಮಾಡಿಕೊಡಬೇಕು. ನಾವಿಬ್ಬರು ಮುದುಕರು ಜಮೀನಿಲ್ಲದ ಬೇರೆ ಸಂಸಾರ ಅಂತ ಅರ್ಜಿ ಹಾಕಬೇಕು. ವಿಚಾರಣೆಗೆ ಬಂದವರು ಒಲೆ ಬೇರೆ ಇದೆಯಾ ಅಂತ ನೋಡುತ್ತಾರಂತೆ. ಹಾಗಾಗಿ ಕೊಟ್ಟಿಗೆ ಪಕ್ಕದ ಕೋಣೆಗೆ ನಮ್ಮ ಮಂಚ ಬಂತು, ಮೂಲೆಯಲ್ಲಿ ಇಟ್ಟಿಗೆ ಜೋಡಿಸಿ ಒಲೆ ಎದ್ದಿತು. ಹಳೆಯದರಂತೆ ಕಾಣಲಿ ಅಂತ ಸೊಸೆ ಒಂದಿಷ್ಟು ಸೌದೆ ಉರಿಸಿ ಮಸಿ ಹಿಡಿಸಿದಳು. ಅಡುಗೆ ಮಾತ್ರ ಎಂದಿನಂತೆ ಒಳಮನೆಯಲ್ಲೇ.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಡೆ ಒಲೆ ಬೇರೆಯಾಯಿತು ಅಂದರೆ ಮನೆ ಮುರಿಯಿತು ಅಂತ. ಆದರೂ ಮಲಗಿದವರ ಮುಖ ನೋಡಿ ಸುಮ್ಮನಾದೆ. ದಾನಪತ್ರಕ್ಕೂ ಒಪ್ಪಿ ಶೀಳನೆರೆಯಲ್ಲಿ ಮಗನ ಜೊತೆ ಕೆ.ಆರ್. ಪೇಟೆ ಬಸ್ಸು ಹತ್ತಿದೆ.

ಅಲ್ಲಿ ನೋಂದಣಿ ಕಚೇರಿ ಮುಂದೆ ಪತ್ರ ಬರೆಯುವವನು ಬರೆದದ್ದನ್ನು ಓದಿ ಹೇಳಿದ. ಗದ್ದೆಯ ಚೆಕ್ಕುಬಂದಿಯೆಲ್ಲ ಸರಿಯಿತ್ತು. "ನಮ್ಮೆಜಮಾನ್ರನ್ನ ಯಾರು ನೋಡ್ಕಬೇಕು ಅಂತ ಎಲ್ಲಯ್ಯ ಬರ್ದಿದ್ದೀಯ?" ಅಂತ ಕೇಳಿದೆ.

"ಅಂಗೆಲ್ಲ ಬರ್ಸಿದ್ರೆ ಜನ ನಗ್ತಾರೆ ಕಣವ್ವ. ನಾನು ನೋಡ್ಕಳಲ್ವಾ?" ಅಂದ ಮಗ.

"ಬರಿಯಯ್ಯ ನೀನು. ಮಗ ದಿನಾ ಅಪ್ಪನ ಮಗ್ಗುಲು ಬದಲಾಯಿಸ್ಬೇಕು, ಉಚ್ಚೆ ಬಟ್ಟೆ ತೆಗೀಬೇಕು. ಮಾಡ್ನಿಲ್ಲ ಅಂದ್ರೆ ಗದ್ದೆ ವಾಪಸ್ಸು ನಂದೇ ಅಂತ ಬರಿ."

ಮಗನ ಮುಖ ಕೆಂಪಾಯಿತು. "ಹೆತ್ತ ಮಗನ ಮೇಲೆ ನಂಬ್ಕೆ ಇಲ್ವಾ ನಿಂಗೆ?"

"ನಂಬ್ಕೆ ಅದೆ ಕಣ್ಲಾ. ಬರ್ಸಕ್ಕೆ ನಿಂಗ್ಯಾಕೆ ಸಂಕಟ? ಕಾರ್ಡು ಆಸ್ಪತ್ರೆ ಬಿಲ್ಲು ಕಟ್ತದೆ. ನಿಮ್ಮಪ್ಪನ ಮಗ್ಗುಲು ಬದಲಾಯಿಸ್ತದಾ?"

ಅವನು ಬರೆಸಲಿಲ್ಲ. ನಾನು ಸಹಿ ಹಾಕಲಿಲ್ಲ. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಊರಿಗೆ ಬಂದೆವು.

ಅವತ್ತು ಸಂಜೆಯೇ ಆ ತೋರಿಕೆಯ ಒಲೆಗೆ ಬೆಂಕಿ ಹಾಕಿ ಮುದ್ದೆಗೆ ಎಸರಿಟ್ಟೆ. ಸೊಸೆ ಓಡಿಬಂದು, "ಇದೇನತ್ತೆ ಇದು, ಊರೋರು ಏನಂತಾರೆ?" ಅಂದಳು. "ಬೇರೆ ಇದ್ದೀವಿ ಅಂತ ಸರ್ಕಾರಕ್ಕೆ ಹೇಳಕ್ಕೆ ನಾಚ್ಕೆ ಇರ್ನಿಲ್ಲ, ಊರಿಗೆ ಯಾಕವ್ವ?" ಅಂದೆ.

ಕಾರ್ಡಿನ ಮಾತು ಅಲ್ಲಿಗೇ ನಿಂತಿತು. ನಾಲೆಬಯಲ ಗದ್ದೆಯಲ್ಲಿ ಒಂದು ತಾಕನ್ನು ಪಕ್ಕದ ಗದ್ದೆಯವನಿಗೆ ಗುತ್ತಿಗೆಗೆ ಕೊಟ್ಟು, ಬಂದ ದುಡ್ಡಲ್ಲಿ ಯಜಮಾನರನ್ನು ಎತ್ತಿ ಕೂರಿಸಲು ಊರಿನ ಒಬ್ಬ ಗಟ್ಟಿ ಆಳನ್ನು ಗೊತ್ತು ಮಾಡಿದೆ. ಅವರ ಗದ್ದೆ ಅವರನ್ನು ಸಾಕದೆ ಇನ್ಯಾರನ್ನು ಸಾಕಬೇಕು? ಮಗನಿಗೆ ಉಳಿಯಲಿ ಅಂತ ಗಂಡನ ಬೆನ್ನು ಕೊಳೆಸುವಷ್ಟು ಒಳ್ಳೆಯ ತಾಯಿ ನಾನಲ್ಲ.

ಮಗ ಮಾತು ಬಿಟ್ಟ. ಬಿಟ್ಟರೆ ಬಿಡಲಿ ಅಂತ ನಾನೂ ಬಿಟ್ಟೆ. ಸಂಕಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಒಂದೇ ಅಂಗಳದಲ್ಲಿದ್ದೂ ಅವನು ಉಂಡನೋ ಇಲ್ಲವೋ ಅಂತ ಸೊಸೆಯನ್ನು ಕೇಳಬೇಕಾಗಿತ್ತು.

ಒಂದು ದಿನ ಆಳು ಬರಲಿಲ್ಲ. ಬೆಳಗಿನಿಂದ ಒಬ್ಬಳೇ ಹೆಣಗಿದೆ. ಯಜಮಾನರ ಮೈ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅವರ ಕಣ್ಣಲ್ಲಿ ನೀರು. ಡೇರಿಗೆ ಹಾಲು ಹಾಕಿ ಬಂದ ಮಗ ಬಾಗಿಲಲ್ಲಿ ನಿಂತು ನೋಡಿದ. ಕ್ಯಾನು ಕೆಳಗಿಟ್ಟು ಒಳಗೆ ಬಂದು ಅಪ್ಪನ ಬೆನ್ನಡಿ ಕೈ ಹಾಕಿ ಎತ್ತಿದ. ಕೆಂಪಗಾದ ಚರ್ಮವನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಪೌಡರು ಹಚ್ಚಿ ಬಟ್ಟೆ ಬದಲಿಸಿದ. ಮರುದಿನ ಆಳು ಬಂದಿದ್ದರೂ ಅವನೂ ಬಂದ. ಅದರ ಮರುದಿನವೂ ಬಂದ.

ಕೆಲವು ದಿನ ಕಳೆದ ಮೇಲೆ ಅಪ್ಪನ ಮೈ ಒರೆಸುತ್ತ, ನನ್ನ ಮುಖ ನೋಡದೆ ಕೇಳಿದ. "ಈಗ್ಲಾದ್ರೂ ಬರ್ಕೊಡ್ತೀಯೇನವ್ವ?"

"ಇಲ್ಲ ಕಣ್ಲಾ. ಆ ಕಡೆ ಸೊಂಟ ಹಿಡ್ಕ," ಅಂದೆ.

ಹಿಡಿದುಕೊಂಡ.